ಜುಲೈನಲ್ಲಿ ಮುಕ್ತಿನಾಥಕ್ಕೆ ಹೋಗಬಹುದಾ? ನೇಪಾಳದ ಬೆಟ್ಟ, ಬಯಲು, ಮಳೆ ಬಗ್ಗೆ ತಿಳಿದವರು ಹೇಳಿ

ಹೇಮಾವತಿ ದಡ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನನ್ನು ಮುಕ್ತಿನಾಥಕ್ಕೆ ಕರೆದುಕೊಂಡು ಹೋಗಬೇಕು ಅಂತ ಬಹಳ ದಿನದ ಆಸೆ. ಕಠ್ಮಂಡು, ಚಿತ್ವನ್, ಪೋಖರಾ, ಅಲ್ಲಿಂದ ಮುಕ್ತಿನಾಥ ಅಂತ ಅಂದುಕೊಂಡಿದ್ದೇವೆ. ನನಗೆ ರಜೆ ಸುಲಭವಾಗಿ ಸಿಗುವುದು ಜುಲೈನಲ್ಲಿ. ಒಬ್ಬ ಏಜೆಂಟ್ "ಜುಲೈನಲ್ಲಿ ಬೇಡವೇ ಬೇಡ, ನೇಪಾಳ ಪೂರ್ತಿ ಮಳೆ" ಅಂದರು. ಇನ್ನೊಬ್ಬರು "ಮುಕ್ತಿನಾಥದ ಕಡೆ ಮಳೆಯೇ ಇಲ್ಲ, ಧೈರ್ಯವಾಗಿ ಹೊರಡಿ" ಅಂದರು. ಇಬ್ಬರೂ ಹತ್ತಾರು ಸಲ ಹೋಗಿ ಬಂದವರೇ. ಯಾರ ಮಾತು ಕೇಳುವುದು? ಅಪ್ಪನಿಗೆ ಎಪ್ಪತ್ತು ದಾಟಿದೆ, ಸ್ವಲ್ಪ ಉಬ್ಬಸ ಇದೆ. ಬಟ್ಟೆಬರೆ ಎಂಥದ್ದು ಇಟ್ಟುಕೊಳ್ಳಬೇಕು ಅನ್ನೋದೂ ಗೊತ್ತಾಗುತ್ತಿಲ್ಲ.

ಪೋಖರಾದಲ್ಲಿದ್ದವ

ಮೇಡಂ, ಇಬ್ಬರೂ ನಿಜವನ್ನೇ ಹೇಳಿದ್ದಾರೆ. ನಾನು ಜಲವಿದ್ಯುತ್ ಕೆಲಸದ ಮೇಲೆ ಕೆಲವು ವರ್ಷ ಪೋಖರಾದಲ್ಲಿದ್ದೆ. ನೇಪಾಳದ ಹವಾಮಾನ ಹೇಗಿದೆ ಅಂತ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಎತ್ತರ, ಬೆಟ್ಟದ ಯಾವ ಕಡೆ, ಯಾವ ತಿಂಗಳು, ಈ ಮೂರೂ ಗೊತ್ತಿರಬೇಕು.

ದೇಶದ ಆಕಾರ ನೋಡಿ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 800 ಕಿ.ಮೀ.ಗಿಂತ ಜಾಸ್ತಿ ಉದ್ದ. ಉತ್ತರ ದಕ್ಷಿಣ ಅಗಲ ಎಲ್ಲೂ 250 ಕಿ.ಮೀ. ಮುಟ್ಟುವುದಿಲ್ಲ, ಕೆಲವು ಕಡೆ 150ರ ಆಸುಪಾಸು. ಅಷ್ಟೇ ಅಗಲದೊಳಗೆ ನೆಲ ಸಮುದ್ರ ಮಟ್ಟದಿಂದ ಸುಮಾರು 60 ಮೀಟರ್‌ನಿಂದ ಹಿಡಿದು 8,848 ಮೀಟರ್‌ವರೆಗೆ ಏರುತ್ತದೆ. ಸಾವಿರ ಮೀಟರ್ ಮೇಲೆ ಹೋದ ಹಾಗೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ಒಂದೇ ದಿನದಲ್ಲಿ ಫ್ಯಾನ್ ಬೇಕೆನಿಸುವ ಊರಿಂದ ಎರಡು ರಗ್ಗು ಹೊದೆಯುವ ಊರಿಗೆ ಹೋಗಬಹುದು.

ಇನ್ನು ಮಳೆ. ಪೋಖರಾ ಪಕ್ಕದ ಲುಮ್ಲೆ ಇಡೀ ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗ, ವರ್ಷಕ್ಕೆ ಸುಮಾರು 5,500 ಮಿ.ಮೀ. ಅಲ್ಲಿಂದ ನೇರ ಗೆರೆ ಎಳೆದರೆ 60 ಕಿ.ಮೀ. ಕೂಡ ಆಗದ, ಮುಕ್ತಿನಾಥದ ಹತ್ತಿರದ ಜೋಮ್‌ಸೋಮ್‌ನಲ್ಲಿ 300 ಮಿ.ಮೀ. ಆಸುಪಾಸು. ನಡುವೆ ನಿಂತಿರುವುದು ಅನ್ನಪೂರ್ಣ ಮತ್ತು ಧೌಲಗಿರಿ. ಬಂಗಾಳ ಕೊಲ್ಲಿಯಿಂದ ಬರುವ ಮುಂಗಾರಿನ ಮೋಡ ಈ ಗೋಡೆಗೆ ಬಡಿದು ದಕ್ಷಿಣದ ಕಡೆಯೇ ಸುರಿದುಬಿಡುತ್ತದೆ. ಉತ್ತರಕ್ಕೆ ದಾಟುವ ಗಾಳಿಯಲ್ಲಿ ತೇವ ಉಳಿದಿರುವುದಿಲ್ಲ. ಆಗುಂಬೆ ಮತ್ತು ಚಳ್ಳಕೆರೆ ನಡುವೆ ನಾವು ನೋಡುವ ವ್ಯತ್ಯಾಸ ಇದೇ ಜಾತಿಯದ್ದು. ಅಲ್ಲಿ ಗೋಡೆ ಎಂಟು ಸಾವಿರ ಮೀಟರ್ ಎತ್ತರದ್ದು, ಅಂತರವೂ ಕಡಿಮೆ.

ಹಾಗಾಗಿ ಜುಲೈನಲ್ಲಿ ಮುಕ್ತಿನಾಥದಲ್ಲಿ ನಿಮಗೆ ಬಿಸಿಲು ಸಿಗಬಹುದು. ಆದರೆ ರಸ್ತೆಯಲ್ಲಿ ಅಲ್ಲಿಗೆ ಮುಟ್ಟಲು ಪೋಖರಾ, ಬೇನಿ, ತಾತೋಪಾನಿ ದಾರಿಯಲ್ಲೇ ಹೋಗಬೇಕು. ಆ ದಾರಿ ಇರುವುದು ಮಳೆ ಸುರಿಯುವ ಕಡೆ. ಗುಡ್ಡ ಕುಸಿದರೆ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು, ಕೂತು ಕಾಯಬೇಕು. ವಯಸ್ಸಾದವರ ಜೊತೆ ಇದು ಬೇಡ. ದಸರಾ ಮುಗಿದ ಮೇಲೆ, ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯೊಳಗೆ ಹೋಗಿ.

ಬಿಸಿಲ ನಾಡು

ನಾನು ರಾಯಚೂರಿನವನು. ನನ್ನ ತಮ್ಮ ಮೇ ತಿಂಗಳಲ್ಲಿ ನೇಪಾಳ್‌ಗಂಜ್‌ಗೆ ಹೋಗಿ ಫೋನ್ ಮಾಡಿ "ಅಣ್ಣಾ, ನಮ್ಮೂರಿಗಿಂತ ಉರಿ ಇಲ್ಲಿ" ಅಂದ. ಹಿಮಾಲಯದ ದೇಶದಲ್ಲಿ 40 ಡಿಗ್ರಿ ದಾಟುತ್ತೆ ಅಂದರೆ ಹೇಗೆ ಸರ್? ಪಕ್ಕದಲ್ಲೇ ಅಷ್ಟೊಂದು ಹಿಮ ಇದ್ದೂ ಗಾಳಿ ತಂಪಾಗಲ್ವಾ?

ಭೂಗೋಳ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನೇಪಾಳ್‌ಗಂಜ್ ಇರುವುದು ತರಾಯಿಯಲ್ಲಿ. ತರಾಯಿ ಅಂದರೆ ಗಂಗಾ ಬಯಲಿನ ಉತ್ತರದ ಅಂಚು. ಉತ್ತರ ಪ್ರದೇಶ, ಬಿಹಾರದ ನೆಲವೇ ಗಡಿ ದಾಟಿ 25ರಿಂದ 40 ಕಿ.ಮೀ. ಮುಂದುವರಿದಿದೆ ಅಷ್ಟೆ. ಎತ್ತರ 60ರಿಂದ 300 ಮೀಟರ್ ಒಳಗೆ. ಏಪ್ರಿಲ್, ಮೇನಲ್ಲಿ ರಾಜಸ್ಥಾನದ ಕಡೆಯಿಂದ ಬೀಸುವ ಲೂ ಅನ್ನುವ ಬಿಸಿಗಾಳಿ ಅಲ್ಲಿಯವರೆಗೂ ಬರುತ್ತದೆ. ಹಿಮದ ಗಾಳಿ ಅಷ್ಟು ಕೆಳಗೆ ತಂಪಾಗಿ ಇಳಿಯುವುದಿಲ್ಲ. ಗಾಳಿ ಇಳಿದ ಹಾಗೆ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ.

ನಾವು ನೇಪಾಳ ಅಂದರೆ ಬೆಟ್ಟ ಅಂತ ಮಾತ್ರ ಯೋಚಿಸುತ್ತೇವೆ. ನೆಲದ ಲೆಕ್ಕದಲ್ಲಿ ಅದು ಸರಿ. ತರಾಯಿ ಜಿಲ್ಲೆಗಳು ದೇಶದ ನೆಲದಲ್ಲಿ ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಆದರೆ 2021ರ ಜನಗಣತಿ ಪ್ರಕಾರ ಶೇಕಡಾ 53ಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದಾರೆ. ಎತ್ತರದ ಹಿಮಾಲಯ ಜಿಲ್ಲೆಗಳಲ್ಲಿ ಇರುವವರು ಶೇಕಡಾ 6 ಮಾತ್ರ. ದೇಶಕ್ಕೆ ಅನ್ನ ಹಾಕುವುದು ಆ ತೆಳ್ಳನೆ ಬಯಲು.

ಇದು ಹಳೆಯ ಕಥೆಯಲ್ಲ. 1950ರ ದಶಕದವರೆಗೆ ತರಾಯಿ ಬಹುಪಾಲು ದಟ್ಟ ಸಾಲ್ ಕಾಡು, ಜೊಂಡು ಹುಲ್ಲು, ಮಲೇರಿಯಾ. ಬೆಟ್ಟದವರು ಚಳಿಗಾಲದಲ್ಲಿ ಮಾತ್ರ ಕೆಳಗಿಳಿದು, ಸೆಕೆ ಶುರುವಾಗುವ ಮೊದಲೇ ಮೇಲೆ ಹತ್ತಿಬಿಡುತ್ತಿದ್ದರು. ಅಲ್ಲೇ ತಲೆತಲಾಂತರದಿಂದ ಬದುಕಿದವರು ಥಾರೂ ಜನ. ಮಲೇರಿಯಾ ತಡೆಯುವ ಶಕ್ತಿ ಅವರಲ್ಲಿ ಬೇರೆಯವರಿಗಿಂತ ಹೆಚ್ಚಿತ್ತು. ಡಿಡಿಟಿ ಹೊಡೆದು ಸೊಳ್ಳೆ ಕಡಿಮೆಯಾದ ಮೇಲೆ ಬೆಟ್ಟದಿಂದ ಜನ ಸಾಲುಸಾಲಾಗಿ ಇಳಿದರು. ಕಾಡು ಹೊಲವಾಯಿತು. ಥಾರೂಗಳ ಎಷ್ಟೋ ಭೂಮಿ ಬೇರೆಯವರ ಕೈ ಸೇರಿತು. ನೇಪಾಳದ ಭೂಗೋಳ ಹೇಳುವಾಗ ಈ ಮಾತು ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಮಲೆನಾಡಿಗ

ಮೇಷ್ಟ್ರೇ, ಚಿತ್ವನ್ ಕೂಡ ತರಾಯಿಯೇ ಅಲ್ವಾ? ಆದರೆ ಅಲ್ಲಿ ದಕ್ಷಿಣಕ್ಕೂ ಗುಡ್ಡ ಕಾಣುತ್ತಲ್ಲ?

ಭೂಗೋಳ ಮೇಷ್ಟ್ರು

ಸರಿಯಾಗಿ ಗಮನಿಸಿದ್ದೀರಿ. ಚಿತ್ವನ್, ದಾಂಗ್ ಇವೆಲ್ಲ ಒಳ ತರಾಯಿ. ಬಯಲು ಮುಗಿದ ತಕ್ಷಣ ಚುರೆ ಅನ್ನುವ ಕುಳ್ಳ ಬೆಟ್ಟಸಾಲು ಬರುತ್ತದೆ, ಭಾರತದಲ್ಲಿ ಶಿವಾಲಿಕ್ ಅನ್ನುವುದು ಇದನ್ನೇ. ಅದರ ಹಿಂದೆ 1,500ರಿಂದ 3,000 ಮೀಟರ್ ಎತ್ತರದ ಮಹಾಭಾರತ ಸಾಲು. ಎರಡರ ನಡುವೆ ಕೆಲವು ಕಡೆ ಅಗಲವಾದ ಕಣಿವೆಗಳಿವೆ. ಅವೇ ಒಳ ತರಾಯಿ.

ಚುರೆ ಹಿಮಾಲಯದ ಅತಿ ಕಿರಿಯ ಭಾಗ. ಮೇಲಿನ ಬೆಟ್ಟಗಳಿಂದ ನದಿಗಳು ತಂದು ಸುರಿದ ಮರಳು, ಜಲ್ಲಿ, ಮಣ್ಣೇ ಗಟ್ಟಿಯಾಗಿ ಮೇಲೆದ್ದಿದ್ದು. ಕೈಯಲ್ಲಿ ಕೆರೆದರೆ ಉದುರುವಷ್ಟು ಸಡಿಲ. ಅದರ ಬುಡದಲ್ಲಿ ಭಾಬರ್ ಅಂತ ಜಲ್ಲಿಕಲ್ಲಿನ ಪಟ್ಟಿ ಇದೆ. ಸಣ್ಣ ಹೊಳೆಗಳು ಅಲ್ಲಿಗೆ ಬಂದಾಗ ನೀರು ಕಲ್ಲುಗಳ ಸಂದಿಯಲ್ಲಿ ಇಳಿದು ಕಾಣೆಯಾಗುತ್ತದೆ. ಬೇಸಿಗೆಯಲ್ಲಿ ಬರೀ ಒಣ ಕಲ್ಲಿನ ಹಾಸು. ಕೆಳಗೆ ತರಾಯಿಯಲ್ಲಿ ಅದೇ ನೀರು ಮತ್ತೆ ಒರತೆಯಾಗಿ, ಕೊಳವೆ ಬಾವಿಯಲ್ಲಿ ಸಿಗುತ್ತದೆ. ಚುರೆಯ ಕಾಡು ಕಡಿದು, ಹೊಳೆಯ ಮರಳು ಜಲ್ಲಿ ಬಗೆದರೆ ತರಾಯಿಯ ಕೈಪಂಪು ಒಣಗುತ್ತದೆ. ಈಗ ಅದೇ ಆಗುತ್ತಿದೆ. ಎವರೆಸ್ಟ್ ಬಗ್ಗೆ ಜಗತ್ತೇ ಮಾತಾಡುತ್ತದೆ, ಈ ಸಣ್ಣ ಗುಡ್ಡಗಳ ಬಗ್ಗೆ ಕೇಳುವವರೇ ಇಲ್ಲ.

ಪೋಖರಾದಲ್ಲಿದ್ದವ

ಹೇಮಾವತಿ ಮೇಡಂ, ಚಿತ್ವನ್ ಮಾತು ಬಂತಲ್ಲ, ಅದಕ್ಕೂ ಜುಲೈ ಒಳ್ಳೆಯದಲ್ಲ. ಹುಲ್ಲು ಆನೆ ಮುಚ್ಚುವಷ್ಟು ಬೆಳೆದಿರುತ್ತದೆ, ನೆಲ ಕೆಸರು, ಇಂಬಳಗಳ ಕಾಟ. 2021ರ ಗಣತಿಯಲ್ಲಿ ನೇಪಾಳದಲ್ಲಿ 752 ಘೇಂಡಾಮೃಗ ಇದ್ದವು, ಅದರಲ್ಲಿ 694 ಚಿತ್ವನ್ ಒಂದರಲ್ಲೇ. ಚಳಿಗಾಲದ ಕೊನೆಗೆ ಹುಲ್ಲು ಕೊಯ್ದು ಸುಟ್ಟ ಮೇಲೆ ಅವು ಸುಲಭವಾಗಿ ಕಾಣುತ್ತವೆ. ನೀವು ನವೆಂಬರ್‌ನಲ್ಲಿ ಹೋದರೂ ಪರವಾಗಿಲ್ಲ, ನದಿ ದಡದಲ್ಲಿ ಸಿಗುತ್ತವೆ.

ತೌಳವ

ಹಾಗಾದರೆ ಡಿಸೆಂಬರ್, ಜನವರಿಯಲ್ಲಿ ತರಾಯಿ ಹಿತವಾಗಿರಬೇಕು. ಬೆಟ್ಟದಲ್ಲಿ ಚಳಿ, ಕೆಳಗೆ ಬೆಚ್ಚಗೆ. ಸರಿನಾ?

ಪೋಖರಾದಲ್ಲಿದ್ದವ

ಅಲ್ಲೇ ವಿಚಿತ್ರ ಇರುವುದು. ಜನವರಿಯಲ್ಲಿ ತರಾಯಿ ಮೇಲೆ ಮಂಜು ಕವಿದುಬಿಟ್ಟರೆ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಜನ ಬೀದಿ ಬದಿ ಬೆಂಕಿ ಹಾಕಿಕೊಂಡು ಕೂತಿರುತ್ತಾರೆ. ಇದಕ್ಕೆ ಅಲ್ಲಿ ಶೀತಲಹರ್ ಅನ್ನುತ್ತಾರೆ. ಪ್ರತಿ ವರ್ಷ ಬಡವರು, ಮುದುಕರು ಸಾಯುತ್ತಾರೆ. ಅದೇ ಹೊತ್ತಿಗೆ ಸಾವಿರದೈನೂರು ಮೀಟರ್ ಮೇಲಿನ ಬೆಟ್ಟದ ಊರಲ್ಲಿ ನೀಲಿ ಆಕಾಶ, ಹಿತವಾದ ಬಿಸಿಲು. ತಣ್ಣನೆ ಭಾರದ ಗಾಳಿ ಬಯಲಲ್ಲಿ ಕೂತಿರುತ್ತದೆ, ಬೆಚ್ಚನೆ ಗಾಳಿ ಅದರ ಮೇಲೆ ಮುಚ್ಚಳ ಹಾಕಿರುತ್ತದೆ. ಗದ್ದೆಯ ತೇವ, ಹೊಗೆ ಎಲ್ಲ ಒಳಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಮನೆಗಳು ಸೆಕೆ ನೋಡಿ ಕಟ್ಟಿದವು. ಬಿದಿರು ತಟ್ಟಿಯ ಗೋಡೆ ಚಳಿ ತಡೆಯುವುದಿಲ್ಲ. ನೇಪಾಳದಲ್ಲಿ ಚಳಿಯಿಂದ ಸಾಯುವವರು ಹಿಮದ ಊರಲ್ಲಿ ಮಾತ್ರ ಇದ್ದಾರೆ ಅಂದುಕೊಳ್ಳಬೇಡಿ.

ಹೇಮಾವತಿ ದಡ

ತುಂಬಾ ಧನ್ಯವಾದ ಎಲ್ಲರಿಗೂ. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ನವೆಂಬರ್ ಮೊದಲ ವಾರ ಅಂತ ಮನೆಯಲ್ಲಿ ಮಾತಾಡಿದ್ದೇವೆ. ಅಪ್ಪನಿಗೆ ಎತ್ತರ ಆಗುತ್ತಾ? ಪೋಖರಾದಿಂದ ಬೆಳಗ್ಗೆ ವಿಮಾನದಲ್ಲಿ ಹೋಗಿ ಮಧ್ಯಾಹ್ನ ದರ್ಶನ ಮುಗಿಸುವ ಪ್ಯಾಕೇಜ್ ಇದೆಯಂತೆ.

ಡಾಕ್ಟರಮ್ಮ

ಆ ಪ್ಯಾಕೇಜ್ ಬಗ್ಗೆ ಎಚ್ಚರ. ಪೋಖರಾ ಸುಮಾರು 820 ಮೀಟರ್. ಜೋಮ್‌ಸೋಮ್ 2,700 ದಾಟುತ್ತದೆ. ಮುಕ್ತಿನಾಥ 3,700ಕ್ಕಿಂತ ಮೇಲೆ. ಒಂದೇ ಬೆಳಗ್ಗೆ ಸುಮಾರು ಮೂರು ಸಾವಿರ ಮೀಟರ್ ಏರಿದಂತೆ ಆಗುತ್ತದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಗೆ ಹೋಲಿಸಿದರೆ ಮೂರರಲ್ಲಿ ಎರಡು ಪಾಲು. ದೇಹ ಹೊಂದಿಕೊಳ್ಳಲು ಸಮಯ ಬೇಕು. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಅಥವಾ ಮಾತು ತೊದಲಿದರೆ ಆ ಕ್ಷಣವೇ ಕೆಳಗಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ.

ಜೋಮ್‌ಸೋಮ್ ಅಥವಾ ಪಕ್ಕದ ಮಾರ್ಫಾದಲ್ಲಿ ಎರಡು ರಾತ್ರಿ ಉಳಿದು, ಮುಕ್ತಿನಾಥಕ್ಕೆ ಹೋಗಿ ಸಂಜೆಯೊಳಗೆ ವಾಪಸ್ ಇಳಿಯುವುದು ಒಳ್ಳೆಯದು. ಉಬ್ಬಸ ಇರುವುದರಿಂದ ಹೊರಡುವ ಮೊದಲು ಎದೆಯ ವೈದ್ಯರಿಗೆ ತೋರಿಸಿ, ಇನ್ಹೇಲರ್ ಕೈಚೀಲದಲ್ಲೇ ಇರಲಿ. ಒಣ ತಣ್ಣನೆ ಗಾಳಿಗೆ ಉಬ್ಬಸ ಕೆರಳಬಹುದು. ಮೂಗು ಬಾಯಿ ಮುಚ್ಚುವ ಹಾಗೆ ಮಫ್ಲರ್ ಕಟ್ಟಿಕೊಳ್ಳಲಿ. ದೇವಸ್ಥಾನದ 108 ಧಾರೆಗಳ ಕೆಳಗೆ ಸ್ನಾನ ಮಾಡಬೇಕು ಅಂತ ಹಿರಿಯರು ಹಟ ಮಾಡುತ್ತಾರೆ. ನವೆಂಬರ್‌ನಲ್ಲಿ ಆ ನೀರು ಕೊರೆಯುತ್ತಿರುತ್ತದೆ. ಪ್ರೋಕ್ಷಣೆ ಸಾಕು ಅಂತ ಮೊದಲೇ ಒಪ್ಪಿಸಿಬಿಡಿ.

ಪೋಖರಾದಲ್ಲಿದ್ದವ

ಡಾಕ್ಟರಮ್ಮ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಜೋಮ್‌ಸೋಮ್‌ಗೆ ವಿಮಾನ ಹಾರುವುದು ಬೆಳಗ್ಗೆ ಮಾತ್ರ. ಕಾರಣ ಗಾಳಿ. ಕಾಳಿ ಗಂಡಕಿ ನದಿ 8,167 ಮೀಟರಿನ ಧೌಲಗಿರಿಗೂ 8,091 ಮೀಟರಿನ ಅನ್ನಪೂರ್ಣಕ್ಕೂ ನಡುವೆ ಹರಿಯುತ್ತದೆ. ನದಿ ಇರುವುದು ಸುಮಾರು 2,500 ಮೀಟರ್ ಎತ್ತರದಲ್ಲಿ. ಅಂದರೆ ಎರಡೂ ಕಡೆ ಐದು ಸಾವಿರ ಮೀಟರಿಗಿಂತ ಎತ್ತರದ ಗೋಡೆ. ಉತ್ತರದ ಮುಸ್ತಾಂಗ್ ಮರಗಿಡ ಇಲ್ಲದ ಒಣ ನೆಲ. ಬಿಸಿಲೇರಿದ ಹಾಗೆ ಅಲ್ಲಿನ ಗಾಳಿ ಕಾದು ಮೇಲೇಳುತ್ತದೆ. ಆ ಜಾಗ ತುಂಬಲು ದಕ್ಷಿಣದ ಗಾಳಿ ಈ ಒಂದೇ ಕಿಂಡಿಯಲ್ಲಿ ನುಗ್ಗುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಶುರುವಾದರೆ ಸಂಜೆವರೆಗೂ ಬಿಡುವುದಿಲ್ಲ. ನದಿ ಪಾತ್ರದ ಮರಳು ಕಣ್ಣಿಗೆ ಹೊಡೆಯುತ್ತದೆ. ಮಾರ್ಫಾದ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಓಣಿಗಳು ಇಕ್ಕಟ್ಟಾಗಿ ಇರುವುದು ಈ ಗಾಳಿಯನ್ನು ತಪ್ಪಿಸಲಿಕ್ಕೆ. ಮಳೆ ಕಡಿಮೆ, ಅದಕ್ಕೆ ಮಣ್ಣಿನ ಚಪ್ಪಟೆ ಮಾಳಿಗೆ. ಮಾರ್ಫಾ ಸೇಬಿಗೆ ಹೆಸರುವಾಸಿ, ತಿಂದು ನೋಡಿ.

ಅಕ್ಟೋಬರ್, ನವೆಂಬರ್ ಅಂದ ತಕ್ಷಣ ಎಲ್ಲ ನಿಶ್ಚಿಂತೆ ಅಂತಲೂ ಅಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಉಳಿದ ಮೋಡ ಎರಡು ದಿನದಲ್ಲಿ ಅನ್ನಪೂರ್ಣ ತಲುಪಿ ಹಿಮವಾಗಿ ಸುರಿಯಿತು. ಮುಕ್ತಿನಾಥದ ಮೇಲಿರುವ 5,416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆದಾರಿಯಲ್ಲಿ ಮತ್ತು ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಅಂದರೆ ಎರಡು ಮೂರು ದಿನ ಕೆಳಗಿನ ಊರಲ್ಲೇ ಉಳಿಯಿರಿ.

ಪೂಜೆಮನೆ

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಸಾಲಿಗ್ರಾಮ ಇದೆ, ನಿತ್ಯ ಅಭಿಷೇಕ ಆಗುತ್ತದೆ. ಅದು ಇದೇ ಗಂಡಕಿಯದು ಅಂತ ಗೊತ್ತು. ಒಳಗಿನ ಚಕ್ರ ಸಮುದ್ರದ ಜೀವಿಯ ಗುರುತು ಅಂತ ಎಲ್ಲೋ ಓದಿದೆ. ಸಮುದ್ರವೇ ಇಲ್ಲದ ದೇಶದಲ್ಲಿ ಅದು ಹೇಗೆ ಬಂತು? ಶ್ರದ್ಧೆಯಿಂದಲೇ ಕೇಳುತ್ತಿದ್ದೇನೆ, ತಿಳಿದವರು ಹೇಳಬೇಕು.

ಭೂಗೋಳ ಮೇಷ್ಟ್ರು

ಶ್ರದ್ಧೆಗೂ ಇದಕ್ಕೂ ಜಗಳ ಇಲ್ಲ. ಈಗ ಹಿಮಾಲಯ ಇರುವ ಕಡೆ ಒಂದು ಕಾಲಕ್ಕೆ ಟೆಥಿಸ್ ಅನ್ನುವ ಸಮುದ್ರ ಇತ್ತು. ಅದರಲ್ಲಿ ಅಮೋನೈಟ್ ಅನ್ನುವ ಸುರುಳಿ ಚಿಪ್ಪಿನ ಜೀವಿಗಳಿದ್ದವು. ಸತ್ತ ಮೇಲೆ ತಳದ ಕಪ್ಪು ಕೆಸರಲ್ಲಿ ಹೂತುಹೋದವು, ಕೆಸರು ಕಲ್ಲಾಯಿತು. ಇದು ಸುಮಾರು 15 ಕೋಟಿ ವರ್ಷದ ಹಿಂದಿನ ಮಾತು. ಆಮೇಲೆ ಭಾರತದ ನೆಲಫಲಕ ಉತ್ತರಕ್ಕೆ ಸರಿದು, ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಗುದ್ದಿತು. ಸಮುದ್ರ ಮುಚ್ಚಿತು, ಅದರ ತಳ ಮಡಿಚಿಕೊಂಡು ಮೇಲೆದ್ದಿತು. ಎವರೆಸ್ಟ್ ತುದಿಯ ಕಲ್ಲು ಕೂಡ ಸುಣ್ಣಕಲ್ಲು, ಅದರಲ್ಲೂ ಸಮುದ್ರ ಜೀವಿಗಳ ಚೂರುಗಳಿವೆ. ಮುಸ್ತಾಂಗ್‌ನ ಕಪ್ಪು ಕಲ್ಲಿನ ಪದರಗಳಿಂದ ಈ ಗುಂಡುಗಳು ಕಳಚಿ ಗಂಡಕಿಗೆ ಬೀಳುತ್ತವೆ, ನೀರು ಉಜ್ಜಿ ನಯ ಮಾಡುತ್ತದೆ.

ಇದರಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಬೇರೆ ಇದೆ. ನದಿ ಬೆಟ್ಟದ ತುದಿಯಲ್ಲಿ ಹುಟ್ಟಿ ಇಳಿಯಬೇಕು ಅಲ್ವಾ? ಕಾಳಿ ಗಂಡಕಿ ಹುಟ್ಟುವುದು ಎತ್ತರದ ಶಿಖರಗಳ ಆಚೆ, ಟಿಬೆಟ್ ಗಡಿಯ ಹತ್ತಿರ. ಅಲ್ಲಿಂದ ಇಡೀ ಹಿಮಾಲಯವನ್ನು ಸೀಳಿಕೊಂಡು ದಕ್ಷಿಣಕ್ಕೆ ಬರುತ್ತದೆ. ಪೂರ್ವದ ಅರುಣ್, ಪಶ್ಚಿಮದ ಕರ್ಣಾಲಿ ಕೂಡ ಹಾಗೇ. ಈ ನದಿಗಳು ಬೆಟ್ಟಕ್ಕಿಂತ ಹಿರಿಯವು ಅನ್ನುವುದು ಭೂವಿಜ್ಞಾನಿಗಳ ಬಹುಕಾಲದ ವಿವರಣೆ. ಬೆಟ್ಟ ಏಳುತ್ತಾ ಬಂತು, ನದಿ ತನ್ನ ಜಾಗ ಬಿಡದೆ ಕೊರೆಯುತ್ತಾ ಬಂತು.

ಆ ಏರಿಕೆ ಇನ್ನೂ ನಿಂತಿಲ್ಲ. ಭಾರತ ಈಗಲೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಉತ್ತರಕ್ಕೆ ಒತ್ತುತ್ತಿದೆ. ಒತ್ತಡ ಕೂಡಿಕೂಡಿ ಒಮ್ಮೆ ಬಿಡುಗಡೆಯಾದಾಗ ಭೂಕಂಪ. 1934ರ ಜನವರಿ 15, 2015ರ ಏಪ್ರಿಲ್ 25. ಎರಡನೆಯದರ ತೀವ್ರತೆ 7.8, ಸತ್ತವರು ಸುಮಾರು 9,000. ಕಠ್ಮಂಡು ಪ್ರದೇಶ ಒಂದು ಮೀಟರ್‌ನಷ್ಟು ಮೇಲೆದ್ದಿತು. ಆ ಕಣಿವೆ ಹಿಂದೆ ದೊಡ್ಡ ಕೆರೆಯಾಗಿತ್ತು. ಮಂಜುಶ್ರೀ ಅನ್ನುವ ಬೋಧಿಸತ್ವ ಖಡ್ಗದಿಂದ ಚೋಭಾರ್ ಬೆಟ್ಟ ಸೀಳಿ ನೀರು ಹರಿಸಿದ ಅನ್ನುವ ಕಥೆ ಅಲ್ಲಿ ಪ್ರತಿ ಮಗುವಿಗೂ ಗೊತ್ತು. ಕೆರೆ ಇದ್ದದ್ದಂತೂ ನಿಜ. ಅದರ ಕಪ್ಪು ಹೂಳು ನೂರಾರು ಮೀಟರ್ ದಪ್ಪ ಇದೆ. ಭೂಕಂಪದ ಅಲೆ ಆ ಮೆತ್ತನೆ ಮಣ್ಣಲ್ಲಿ ಜಾಸ್ತಿ ಕುಲುಕುತ್ತದೆ. ಅಂಥ ನೆಲದ ಮೇಲೆ ದೇಶದ ಅತಿ ದೊಡ್ಡ ನಗರ ನಿಂತಿದೆ.

ತೌಳವ

ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರೇ. ಈ ಪದ್ಧತಿ ಬಹಳ ಹಳೆಯದು. ಹೇಮಾವತಿ ಅವರೇ, ಅಪ್ಪ ಅಮ್ಮನಿಗೆ ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಖುಷಿಯಾಗುತ್ತದೆ.

ಕೈಲಾಸ ಯಾತ್ರಿ

ನಾನು ಪಶ್ಚಿಮದ ಕಡೆ ನೋಡಿದವಳು. ನೇಪಾಳ್‌ಗಂಜ್‌ನಿಂದ ಸಣ್ಣ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಹಿಲ್ಸಾ, ನಂತರ ಮಾನಸ ಸರೋವರ. 2018ರ ಜುಲೈ ಆರಂಭದಲ್ಲಿ ಸಿಮಿಕೋಟ್, ಹಿಲ್ಸಾದಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಯಾತ್ರಿಕರು ಮಳೆ ಮೋಡದಿಂದ ಸಿಕ್ಕಿಬಿದ್ದಿದ್ದರಲ್ಲ, ಅವರಲ್ಲಿ ನಮ್ಮ ರಾಜ್ಯದವರೂ ಬಹಳ ಜನ ಇದ್ದರು. ಸುದ್ದಿ ನೋಡಿದವರು "ಬಸ್ಸಲ್ಲಿ ವಾಪಸ್ ಬರಬಹುದಿತ್ತಲ್ಲ" ಅಂತ ಕೇಳುತ್ತಿದ್ದರು. ಆಗ ಅಲ್ಲಿ ಬಸ್ಸು ಎಲ್ಲಿಂದ ಬರಬೇಕು? ಮೋಡ ಬಿಟ್ಟರೆ ವಿಮಾನ, ಇಲ್ಲದಿದ್ದರೆ ಇಲ್ಲ. ಆ ಊರಿನವರಿಗೆ ಉಪ್ಪು, ಔಷಧಿ ಎಲ್ಲದಕ್ಕೂ ಅದೇ ಗತಿಯಾಗಿತ್ತು.

ಪಶ್ಚಿಮ ನೇಪಾಳ ಪೂರ್ವದ ಹಾಗಿಲ್ಲ. ಮುಂಗಾರು ಜೂನ್ ಎರಡನೇ ವಾರದ ಹೊತ್ತಿಗೆ ಪೂರ್ವದಿಂದ ಒಳಗೆ ಬರುತ್ತದೆ. ಪಶ್ಚಿಮಕ್ಕೆ ಬರುವಾಗ ತಡ, ಸುರಿಯುವುದೂ ಕಡಿಮೆ. ಬದಲಿಗೆ ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಪಶ್ಚಿಮಕ್ಕೇ ಜಾಸ್ತಿ ಮಳೆ, ಹಿಮ ಕೊಡುತ್ತವೆ. ಅಲ್ಲಿನ ಗೋಧಿ, ಬಾರ್ಲಿ ನಿಂತಿರುವುದು ಅದರ ಮೇಲೆ. ಜುಮ್ಲಾದಲ್ಲಿ ಮಾರ್ಸಿ ಅನ್ನುವ ಕೆಂಪಕ್ಕಿ ಬೆಳೆಯುತ್ತಾರೆ. ಸುಮಾರು 3,000 ಮೀಟರ್‌ವರೆಗೂ ಭತ್ತದ ಗದ್ದೆ ಇದೆ, ಜಗತ್ತಿನ ಅತಿ ಎತ್ತರದ ಗದ್ದೆಗಳ ಸಾಲಿಗೆ ಸೇರಿದವು. ಆ ಅನ್ನ ಉಂಡರೆ ಮರೆಯಲಾಗುವುದಿಲ್ಲ. ಜುಮ್ಲಾ ಇರುವ ಕರ್ಣಾಲಿ ಪ್ರಾಂತ್ಯ ವಿಸ್ತಾರದಲ್ಲಿ ನೇಪಾಳದ ಅತಿ ದೊಡ್ಡದು, ಜನಸಂಖ್ಯೆಯಲ್ಲಿ ಅತಿ ಸಣ್ಣದು.

ಬಿಸಿಲ ನಾಡು

ಉಪ್ಪಿನ ಮಾತು ಬಂತು. ಸಮುದ್ರ ಇಲ್ಲದ ದೇಶಕ್ಕೆ ಹಿಂದೆ ಉಪ್ಪು ಎಲ್ಲಿಂದ ಬರುತ್ತಿತ್ತು?

ಪೋಖರಾದಲ್ಲಿದ್ದವ

ಟಿಬೆಟ್‌ನಿಂದ. ಅಲ್ಲಿನ ಉಪ್ಪಿನ ಕೆರೆಗಳಿಂದ ತೆಗೆದ ಉಪ್ಪನ್ನು ಯಾಕ್, ಕುರಿ, ಹೇಸರಗತ್ತೆ ಮೇಲೆ ಹೇರಿಕೊಂಡು ತರುತ್ತಿದ್ದರು. ಕೆಳಗಿನ ಬೆಟ್ಟದ ಅಕ್ಕಿ, ಧಾನ್ಯ ಮೇಲೆ ಹೋಗುತ್ತಿತ್ತು. ಕಾಳಿ ಗಂಡಕಿ ಕಣಿವೆಯ ತುಕುಚೆಯಲ್ಲಿ ಥಕಾಲಿ ವ್ಯಾಪಾರಿಗಳು ಈ ವಹಿವಾಟಿನಿಂದಲೇ ಶ್ರೀಮಂತರಾದರು. ಟಿಬೆಟ್ ಗಡಿ ಬಿಗಿಯಾಗಿ, ಭಾರತದ ಸಮುದ್ರದ ಉಪ್ಪು ಅಗ್ಗವಾಗಿ ಬಂದ ಮೇಲೆ ಅದು ನಿಂತಿತು.

ಈಗ ಸಮುದ್ರದ ಸರಕು ಕೋಲ್ಕತ್ತಾ, ಹಲ್ದಿಯಾ, ವಿಶಾಖಪಟ್ಟಣ ಬಂದರುಗಳಿಂದ ಬೀರ್‌ಗಂಜ್ ಮೂಲಕ ಬರುತ್ತದೆ. ಮೂರು ದಿಕ್ಕಲ್ಲಿ ಭಾರತ, ಉತ್ತರದಲ್ಲಿ ಹಿಮದ ಗೋಡೆ. ದಕ್ಷಿಣದ ಬಾಗಿಲು ಮುಚ್ಚಿದರೆ ಏನಾಗುತ್ತದೆ ಅನ್ನುವುದನ್ನು 2015ರ ಸೆಪ್ಟೆಂಬರ್‌ನಿಂದ ತಿಂಗಳುಗಟ್ಟಲೆ ಅಲ್ಲಿನ ಜನ ಅನುಭವಿಸಿದರು. ಭೂಕಂಪದ ಮನೆಗಳಿಗೆ ಸೂರು ಹಾಕುವ ಮೊದಲೇ ಅಡುಗೆ ಗ್ಯಾಸ್ ಇಲ್ಲ, ಡೀಸೆಲ್ ಇಲ್ಲ. ಆ ನೋವು ಇನ್ನೂ ಮಾಸಿಲ್ಲ. ನಾವು ಭಾರತೀಯರು ಅಲ್ಲಿ ಹೋದಾಗ ಇದನ್ನು ತಿಳಿದಿರುವುದು ಒಳ್ಳೆಯದು.

ಮಲೆನಾಡಿಗ

ಗುಡ್ಡ ಕುಸಿತದ ಬಗ್ಗೆ ಕೇಳಬೇಕು. 2024ರ ಜುಲೈನಲ್ಲಿ ಎರಡು ಬಸ್ಸು ಕೊಚ್ಚಿಕೊಂಡು ತ್ರಿಶೂಲಿ ನದಿಗೆ ಬಿದ್ದವು. ಸೆಪ್ಟೆಂಬರ್ ಕೊನೆಗೆ ಕಠ್ಮಂಡು ಸುತ್ತ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇದೆಲ್ಲ ಹವಾಮಾನ ಬದಲಾವಣೆಯಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಕೊಡಗು, ಶಿರಾಡಿ ಘಾಟಿಯಲ್ಲೂ ನೋಡಿದ್ದೇವೆ, ಗುಡ್ಡದ ಬುಡವನ್ನು ನೇರ ಕಡಿದರೆ ಅದು ಬೀಳಲೇಬೇಕು.

ಪೋಖರಾದಲ್ಲಿದ್ದವ

ನೀವು ಹೇಳುವುದರಲ್ಲಿ ಸತ್ಯ ಇದೆ. ಬೆಟ್ಟದ ಊರುಗಳಲ್ಲಿ ಇಂಜಿನಿಯರ್ ಇಲ್ಲದೆ, ಚರಂಡಿ ಇಲ್ಲದೆ, ಬರೀ ಬುಲ್ಡೋಜರ್ ತಂದು ರಸ್ತೆ ಕೊರೆದಿದ್ದಾರೆ. ಅಲ್ಲಿ ಅದಕ್ಕೆ ಡೋಜರ್ ರಸ್ತೆ ಅಂತಲೇ ಹೆಸರು. ಮಣ್ಣನ್ನು ಕೆಳಗಿನ ಇಳಿಜಾರಿಗೆ ತಳ್ಳಿಬಿಡುತ್ತಾರೆ. ಮೊದಲ ಮಳೆಗೆ ಅದು ಯಾರದೋ ಗದ್ದೆ, ಯಾರದೋ ಒರತೆ ಮೇಲೆ ಬೀಳುತ್ತದೆ. ರಸ್ತೆ ಬೇಕು ಅನ್ನುವ ಜನರ ಆಸೆ ತಪ್ಪಲ್ಲ. ಬಸುರಿಯನ್ನು ಡೋಲಿಯಲ್ಲಿ ಹೊತ್ತ ಊರಿನವರಿಗೆ ರಸ್ತೆಯ ಬೆಲೆ ಗೊತ್ತು. ಕೊರೆಯುವ ರೀತಿ ಸರಿಯಾಗಬೇಕು.

ಆದರೆ ಹವಾಮಾನದ ಪಾಲನ್ನು ತಳ್ಳಿಹಾಕಲಾಗದು. 2023ರ ಆಗಸ್ಟ್‌ನಲ್ಲಿ ಮುಕ್ತಿನಾಥದ ಕೆಳಗಿನ ಕಾಗ್‌ಬೇನಿಗೆ ಕೆಸರಿನ ಪ್ರವಾಹ ನುಗ್ಗಿತು. ಅಲ್ಲಿ ಡೋಜರ್ ರಸ್ತೆಗಿಂತ ಮಳೆಯ ಪಾತ್ರವೇ ದೊಡ್ಡದು. ಒಣ ನೆಲಕ್ಕೆ ಒಮ್ಮೆಲೆ ಅಷ್ಟು ನೀರು ತಡೆಯುವ ಶಕ್ತಿ ಇಲ್ಲ. ಮಣ್ಣಿನ ಮಾಳಿಗೆಗಳು ಸೋರುತ್ತಿವೆ. ಅದೇ ಮುಸ್ತಾಂಗ್‌ನ ಮೇಲ್ಭಾಗದಲ್ಲಿ ಒರತೆ ಬತ್ತಿ ಧ್ಯೆ ಅನ್ನುವ ಊರಿನವರು ಊರನ್ನೇ ಬೇರೆ ಕಡೆ ಸಾಗಿಸಬೇಕಾಯಿತು. ಹಿಮನದಿ ಕರಗಿ ಹುಟ್ಟಿದ ಸರೋವರಗಳ ಭಯ ಬೇರೆ. 1985ರ ಆಗಸ್ಟ್ 4ರಂದು ಎವರೆಸ್ಟ್ ಪಕ್ಕದ ದಿಗ್ ತ್ಸೋ ಒಡೆದು, ಮುಗಿಯುತ್ತಾ ಬಂದಿದ್ದ ವಿದ್ಯುತ್ ಯೋಜನೆಯನ್ನೇ ಕೊಚ್ಚಿಕೊಂಡು ಹೋಯಿತು. 2016ರಲ್ಲಿ ಇಮ್ಜಾ ಸರೋವರದ ನೀರನ್ನು ಮೂರು ಮೀಟರಿಗಿಂತ ಜಾಸ್ತಿ ಇಳಿಸಿದರು, ಐದು ಸಾವಿರ ಮೀಟರ್ ಎತ್ತರದಲ್ಲಿ ಕಾಲುವೆ ತೋಡಿ. ಅಂಥ ಕೆಲಸ ಪ್ರತಿ ಸರೋವರಕ್ಕೂ ಮಾಡುವಷ್ಟು ಹಣ ಆ ದೇಶದ ಹತ್ತಿರ ಇಲ್ಲ.

ಸುದ್ದಿ ಓದುಗ

ಪ್ರತಿ ವರ್ಷ ನೇಪಾಳ ನೀರು ಬಿಡುತ್ತದೆ, ಬಿಹಾರ ಮುಳುಗುತ್ತದೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅವರು ಅಣೆಕಟ್ಟಿನ ಗೇಟು ಸ್ವಲ್ಪ ನೋಡಿಕೊಂಡು ತೆಗೆಯಬಾರದಾ?

ಭೂಗೋಳ ಮೇಷ್ಟ್ರು

ಟಿವಿಯಲ್ಲಿ ಹಾಗೆ ಹೇಳುತ್ತಾರೆ, ವಿಷಯ ಬೇರೆ ಇದೆ. ಬಿಹಾರಕ್ಕೆ ಹರಿದು ಬರುವ ಕೋಸಿ ನದಿಯ ಮೇಲೆ ನೇಪಾಳದಲ್ಲಿ ನೀರು ಹಿಡಿದಿಟ್ಟುಕೊಳ್ಳುವ ದೊಡ್ಡ ಜಲಾಶಯವೇ ಇಲ್ಲ. ಇರುವುದು ಕೋಸಿ ಬ್ಯಾರೇಜ್. ಅದು ನೀರನ್ನು ಕಾಲುವೆಗೆ ತಿರುಗಿಸುವ ಕಟ್ಟೆ, ಪ್ರವಾಹವನ್ನು ಹಿಡಿದಿಡುವ ಜಾಗ ಅದರ ಹಿಂದೆ ಇಲ್ಲ. 1954ರ ಒಪ್ಪಂದದ ಪ್ರಕಾರ ಕಟ್ಟಿದ್ದು. ನೇಪಾಳದ ನೆಲದಲ್ಲಿದ್ದರೂ ಅದರ 56 ಗೇಟುಗಳನ್ನು ನಡೆಸುವುದು ಬಿಹಾರ ಸರ್ಕಾರದ ಇಂಜಿನಿಯರುಗಳು. 2024ರ ಸೆಪ್ಟೆಂಬರ್ ಕೊನೆಯಲ್ಲಿ 6.61 ಲಕ್ಷ ಕ್ಯೂಸೆಕ್ ನೀರು ಬಂದಾಗ 56 ಗೇಟೂ ತೆರೆದರು. ತೆರೆಯದಿದ್ದರೆ ಕಟ್ಟೆಯೇ ಉಳಿಯುತ್ತಿರಲಿಲ್ಲ.

ಕೋಸಿಯ ತೊಂದರೆ ನೀರಿಗಿಂತ ಹೂಳಿನದು. ಎಳೆಯ ಬೆಟ್ಟ, ಸಡಿಲ ಕಲ್ಲು, ನಾಲ್ಕು ತಿಂಗಳಲ್ಲೇ ವರ್ಷದ ಶೇಕಡಾ 80ರಷ್ಟು ಮಳೆ. ಏಳು ಉಪನದಿಗಳು ಆ ಮಣ್ಣನ್ನೆಲ್ಲ ಹೊತ್ತು ಚುರೆಯ ಬಾಗಿಲಲ್ಲಿ ಒಮ್ಮೆಲೆ ಸಪಾಟು ಬಯಲಿಗೆ ಬಂದು ಬೀಳುತ್ತವೆ. ವೇಗ ಕಡಿಮೆಯಾದ ತಕ್ಷಣ ಹೂಳು ಕೆಳಗೆ ಕೂರುತ್ತದೆ, ಪಾತ್ರ ಏರುತ್ತದೆ, ನದಿ ಪಕ್ಕಕ್ಕೆ ಸರಿಯುತ್ತದೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಕೋಸಿ ನೂರು ಕಿ.ಮೀ.ಗಿಂತ ಜಾಸ್ತಿ ಪಶ್ಚಿಮಕ್ಕೆ ಸರಿದಿದೆ. ಎರಡೂ ದಡಕ್ಕೆ ಒಡ್ಡು ಹಾಕಿ ಅದನ್ನು ನಿಲ್ಲಿಸಿದರು. ಹೂಳು ಒಡ್ಡಿನ ನಡುವೆಯೇ ತುಂಬಿ, ನದಿ ಸುತ್ತಲ ಹೊಲಕ್ಕಿಂತ ಎತ್ತರವಾಯಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಪೂರ್ವದ ಒಡ್ಡು ಒಡೆಯಿತು. ಆ ದಿನ ನದಿಯಲ್ಲಿ ಇದ್ದದ್ದು ದೊಡ್ಡ ಪ್ರವಾಹವೂ ಅಲ್ಲ. ಲಕ್ಷಾಂತರ ಜನ ಮನೆ ಬಿಟ್ಟರು, ಹೆಚ್ಚಿನವರು ಬಿಹಾರದವರು, ಮೊದಲು ಮುಳುಗಿದ್ದು ನೇಪಾಳದ ಸುನ್ಸರಿಯ ಹಳ್ಳಿಗಳು.

ಸುದ್ದಿ ಓದುಗ

ಹಾಗಿದ್ದರೆ ಮೇಲೆ ದೊಡ್ಡ ಅಣೆಕಟ್ಟು ಕಟ್ಟಿದರೆ ಎರಡೂ ದೇಶಕ್ಕೆ ಒಳ್ಳೆಯದಲ್ವಾ? ಕರೆಂಟೂ ಸಿಗುತ್ತೆ.

ಪೋಖರಾದಲ್ಲಿದ್ದವ

ಸಪ್ತಕೋಸಿ ಎತ್ತರದ ಅಣೆಕಟ್ಟು ಅಂತ ದಶಕಗಳಿಂದ ಮಾತು ನಡೆದಿದೆ. ಯೋಚಿಸಿರುವ ಎತ್ತರ 269 ಮೀಟರ್. ನನ್ನ ವೃತ್ತಿಯೇ ಈ ಕ್ಷೇತ್ರದ್ದು, ಆದರೂ ನನಗೆ ಇದರಲ್ಲಿ ನಂಬಿಕೆ ಇಲ್ಲ. 1934ರ ಭೂಕಂಪ ಪೂರ್ವ ನೇಪಾಳದಲ್ಲೇ ಆಗಿದ್ದು. ಹಿಂದೆ ನಿಲ್ಲುವ ನೀರು ಮುಳುಗಿಸುವುದು ಬೆಟ್ಟದ ನದಿ ದಡದ ಒಳ್ಳೆಯ ಗದ್ದೆಗಳನ್ನು. ಮೇಷ್ಟ್ರು ಹೇಳಿದ ಹೂಳು ಅಲ್ಲೇ ತುಂಬುತ್ತದೆ. ಈಗ ನೇಪಾಳದಲ್ಲಿ ಇರುವ ವಿದ್ಯುತ್ ಕೇಂದ್ರಗಳು ಬಹುಪಾಲು ಹರಿಯುವ ನೀರಿನ ಮೇಲೆ ನಡೆಯುವವು. ಮಳೆಗಾಲದಲ್ಲಿ ಹೆಚ್ಚಾದ ವಿದ್ಯುತ್ತನ್ನು ಭಾರತಕ್ಕೆ ಮಾರುತ್ತಾರೆ, ಚಳಿಗಾಲದಲ್ಲಿ ನದಿ ಸೊರಗಿದಾಗ ಭಾರತದಿಂದ ಕೊಳ್ಳುತ್ತಾರೆ. ಚಳಿಗಾಲಕ್ಕೆ ನೀರು ಉಳಿಸುವ ಮಧ್ಯಮ ಗಾತ್ರದ ಜಲಾಶಯಗಳು ನಾಲ್ಕಾರು ಬೇಕು. ಹಾಗೆಯೇ ಮೇಲಿನ ನದಿಗಳ ನೀರಿನ ಮಟ್ಟವನ್ನು ಗಂಟೆ ಗಂಟೆಗೆ ಬಿಹಾರದ ಹಳ್ಳಿಯವರಿಗೆ ಮುಟ್ಟಿಸುವ ವ್ಯವಸ್ಥೆ ಬಿಗಿಯಾಗಬೇಕು. ಮೇಲೆ ಸುರಿದ ಮಳೆ ಬ್ಯಾರೇಜಿಗೆ ಬರಲು ಎಷ್ಟೋ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ದನಕರು, ಮಕ್ಕಳು, ಬಿತ್ತನೆ ಬೀಜ ಇವನ್ನಾದರೂ ಒಡ್ಡಿನ ಮೇಲೆ ಸೇರಿಸಬಹುದು.